ಇರುಳಿಡೀ ಕುಣಿದ ಮೇಳಕ್ಕೆ ವೇದಿಕೆಯಲ್ಲಿ ಹತ್ತೇ ನಿಮಿಷ

ರಾಮನಗರ: ಜನಪದ ಉತ್ಸವಗಳ ವೇದಿಕೆಯ ಬದಿಯಲ್ಲಿ, ಪರದೆಯ ಮರೆಯಲ್ಲಿ, ಪ್ರೇಕ್ಷಕರ ಕಣ್ಣಿಗೆ ಬೀಳದ ಪ್ರಸಂಗವೊಂದು ಪ್ರತಿ ಸಲವೂ ನಡೆಯುತ್ತದೆ. ಕೈಯಲ್ಲಿ ಕಾರ್ಯಕ್ರಮದ ಪಟ್ಟಿ ಹಿಡಿದ ಸಂಘಟಕರೊಬ್ಬರು ಮೇಳದ ಯಜಮಾನರ ಬಳಿ ಬಂದು, ನಿಮಗಿರುವುದು ಹತ್ತು ನಿಮಿಷ, ಎಂಟಕ್ಕೇ ಮುಗಿಸಿದರೆ ಇನ್ನೂ ಉಪಕಾರ ಎನ್ನುತ್ತಾರೆ. ಯಜಮಾನರು ತಲೆಯಾಡಿಸುತ್ತಾರೆ. ಊರಹಬ್ಬದ ದಿನ ಹೊತ್ತು ಮುಳುಗಿದ ಮೇಲೆ ಶುರುವಿಟ್ಟರೆ ಕೋಳಿ ಕೂಗುವವರೆಗೆ ನಿಲ್ಲದ ಕೈಗಳು ಅವು. ಹತ್ತು ನಿಮಿಷದಲ್ಲಿ ಯಾವುದನ್ನು ಬಾರಿಸಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಅಲ್ಲಿಂದಲೇ ಆರಂಭವಾಗುತ್ತದೆ.

ಪ್ರೇಕ್ಷಕರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ತಾವು ನೋಡಿದ್ದು ಪೂಜಾ ಕುಣಿತ, ತಾವು ನೋಡಿದ್ದು ಕಂಸಾಳೆ ಎಂದೇ ಅವರು ನಂಬಿರುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಊರಿನಲ್ಲಿ ನಡೆಯುವ ಕುಣಿತಕ್ಕೂ ಉತ್ಸವದ ವೇದಿಕೆಯ ಮೇಲಿನ ಕುಣಿತಕ್ಕೂ ನಡುವೆ ಕಳೆದ ನಾಲ್ಕೈದು ದಶಕಗಳಲ್ಲಿ ಬೆಳೆದಿರುವ ಅಂತರ ಸಣ್ಣದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯಲ್ಲಿ ಈ ಎರಡೂ ಬಗೆಯ ಕುಣಿತಗಳು ಇಂದಿಗೂ ಅಕ್ಕಪಕ್ಕದಲ್ಲೇ ಬದುಕಿವೆ. ಹಾಗಾಗಿ ಈ ಅಂತರವನ್ನು ಅರಿಯುವುದಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

ನಾಗೇಗೌಡರ ಲೋಕ

ರಾಮನಗರದಿಂದ ಚನ್ನಪಟ್ಟಣದ ಕಡೆಗೆ ಹಳೆಯ ಮೈಸೂರು ರಸ್ತೆಯಲ್ಲಿ ಹೊರಟರೆ ಸಿಗುವ ಜಾನಪದ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡ. ನಾಗಮಂಗಲ ಸೀಮೆಯಲ್ಲಿ 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ದುಡಿದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಹದಿನೈದು ಎಕರೆಯ ಜಾನಪದ ಲೋಕ 1994ರಲ್ಲಿ ಉದ್ಘಾಟನೆಗೊಂಡಿತು. ಹಳ್ಳಿಗಳಲ್ಲಿ ಅಲೆದು ಹಾಡುಗಾರರ ಎದುರು ಧ್ವನಿಮುದ್ರಣ ಯಂತ್ರವಿಟ್ಟು ಗಂಟೆಗಟ್ಟಲೆ ಕುಳಿತು ಕೇಳಿದ ಮನುಷ್ಯ ಅವರು. 2005ರಲ್ಲಿ ಅವರು ತೀರಿಕೊಂಡರೂ ಲೋಕಮಹಲ್, ಲೋಕಮಾತಾ ಮಂದಿರ, ಚಿತ್ರಕುಟೀರ, ಬಯಲು ರಂಗಮಂದಿರಗಳೆಲ್ಲ ಅವರ ಕನಸಿನ ನಕ್ಷೆಯಂತೆಯೇ ನಿಂತಿವೆ.

ಇಲ್ಲಿ ನಡೆಯುವ ಲೋಕೋತ್ಸವಕ್ಕೆ ರಾಜ್ಯದ ಮೂಲೆಮೂಲೆಗಳಿಂದ ಮೇಳಗಳು ಬರುತ್ತವೆ. ಡೊಳ್ಳು, ವೀರಗಾಸೆ, ಸೋಮನ ಕುಣಿತ, ಪಟದ ಕುಣಿತ, ಕೋಲಾಟ, ನೀಲಗಾರರ ಮೇಳ ಎಲ್ಲವನ್ನೂ ಒಂದೆರಡು ದಿನದಲ್ಲಿ ಒಂದೇ ಕಡೆ ನೋಡಬಹುದೆಂಬುದೇ ಇಂಥ ಉತ್ಸವಗಳ ದೊಡ್ಡ ಆಕರ್ಷಣೆ. ಮೇಳಗಳ ಸಮಯ ಕುಗ್ಗುವುದಕ್ಕೂ ಅದೇ ಕಾರಣವೆಂಬುದು ಬೇರೆ ಮಾತು.

ಲೋಕದ ಹೊರಗಿನ ಚಿತ್ರವೂ ಬದಲಾಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೊಸ ಹೆಸರು ಪಡೆಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಕಂಡಿತೆಂದು ಕಾರು ನಿಲ್ಲಿಸಿ ಒಳಬರುತ್ತಿದ್ದ ಪ್ರವಾಸಿ ಈಗ ಬೇಕೆಂದೇ ಹಳೆಯ ರಸ್ತೆಗೆ ಇಳಿದು ಬರಬೇಕು.

ಊರಿನಲ್ಲಿ ಅದು ಶುರುವಾಗುವ ಬಗೆ

ವೇದಿಕೆಯಲ್ಲಿ ಏನು ಕಡಿತಗೊಂಡಿದೆ ಎಂದು ತಿಳಿಯಬೇಕಾದರೆ ಮೊದಲು ಊರಿನಲ್ಲಿ ಏನಿದೆ ಎಂದು ನೋಡಬೇಕು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಬೆಳೆದು ನಿಂತಿರುವ ಪೂಜಾ ಕುಣಿತವನ್ನೇ ತೆಗೆದುಕೊಳ್ಳಬಹುದು.

ಬಿದಿರಿನ ದಬ್ಬೆಗಳಿಂದ ಚೌಕಟ್ಟು ಕಟ್ಟಿ, ಅದಕ್ಕೆ ಬಣ್ಣದ ಸೀರೆಗಳನ್ನು ನೆರಿಗೆ ಹಿಡಿದು ಉಡಿಸಿ, ನಡುವೆ ಶಕ್ತಿದೇವತೆಯ ಮುಖವಾಡವಿಟ್ಟು ಅಲಂಕರಿಸಿದ ಸುಮಾರು ಆಳೆತ್ತರದ ರಚನೆಗೆ ‘ಪೂಜೆ’ ಎಂದು ಹೆಸರು. ಅದನ್ನು ತಲೆಯ ಮೇಲೆ ಹೊತ್ತು, ಕೈ ಹಿಡಿಯದೆ, ತಮಟೆಯ ಗತ್ತಿಗೆ ಕುಣಿಯುವುದೇ ಪೂಜಾ ಕುಣಿತ. ಮಾರಿಹಬ್ಬವಿರಲಿ, ಕೊಂಡ ಹಾಯುವ ಹಬ್ಬವಿರಲಿ, ದೇವರು ಊರಾಡುವಾಗ ಪೂಜೆಯೂ ಜೊತೆಗಿರಬೇಕು. ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ಸೀಮೆಯಲ್ಲಾಗಲಿ, ಆಷಾಢದಲ್ಲಿ ಚಾಮುಂಡೇಶ್ವರಿ ಕರಗ ನಡೆಯುವ ರಾಮನಗರದ ಸುತ್ತಮುತ್ತಲಾಗಲಿ ಇದು ಕೇವಲ ಮನರಂಜನೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಆ ರಾತ್ರಿ ಶುರುವಾಗುವುದು ಬೆಂಕಿಯಿಂದ. ತಮಟೆ ಎಂದರೆ ಬಳೆಯೊಂದಕ್ಕೆ ಬಿಗಿದ ಚರ್ಮ. ತಂಪಿಗೆ ಅದು ಸಡಿಲಗೊಂಡು ಸದ್ದು ಮಂಕಾಗುತ್ತದೆ. ಹುಲ್ಲೋ ತರಗೋ ಕೂಡಿಸಿ ಬೆಂಕಿ ಹಚ್ಚಿ, ತಮಟೆಯನ್ನು ಅದರ ಮುಂದೆ ಹಿಡಿದು, ಬೆರಳಿನಿಂದ ತಟ್ಟಿ ನೋಡುತ್ತ ಕಾಯಿಸುತ್ತಾರೆ. ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಮೊದಲ ಏಟು ಬಿದ್ದಾಗ ಊರಿಗೆ ಸುದ್ದಿ ಮುಟ್ಟುತ್ತದೆ. ಜನ ಸೇರುವವರೆಗೂ ಗತ್ತು ನಿಧಾನವಾಗಿಯೇ ಇರುತ್ತದೆ. ಮೆರವಣಿಗೆ ಮನೆಮನೆಯ ಬಾಗಿಲಿಗೆ ಬರುತ್ತದೆ, ಹೆಂಗಸರು ತಂಬಿಟ್ಟಿನ ಆರತಿ ತರುತ್ತಾರೆ, ಪೂಜೆ ಹೊತ್ತವರ ಕಾಲಿಗೆ ನೀರು ಹಾಕುತ್ತಾರೆ. ದಣಿದವರು ಪೂಜೆಯನ್ನು ಇನ್ನೊಬ್ಬರ ತಲೆಗೆ ದಾಟಿಸುತ್ತಾರೆ. ನಡುರಾತ್ರಿ ಕಳೆದು, ಕೊಂಡದ ಕೆಂಡ ಹದಕ್ಕೆ ಬರುವ ಹೊತ್ತಿಗೆ ಗತ್ತು ಏರತೊಡಗುತ್ತದೆ. ಅಲ್ಲಿಯವರೆಗಿನ ಐದಾರು ಗಂಟೆ ಸುಮ್ಮನೆ ಕಳೆದದ್ದಲ್ಲ; ಆ ಏರಿಕೆಗೆ ಬೇಕಾದ ನೆಲವನ್ನು ಹದ ಮಾಡಿದ್ದು.

ಉತ್ಸವದ ವೇದಿಕೆಯ ಹಿಂದೆ ಬೆಂಕಿ ಹಾಕುವಂತಿಲ್ಲ. ಶಾಮಿಯಾನ, ಪರದೆ, ವಿದ್ಯುತ್ ತಂತಿಗಳ ನಡುವೆ ಅದಕ್ಕೆ ಒಪ್ಪಿಗೆ ಸಿಗುವುದು ಅಪರೂಪ, ಸಿಗದಿರುವುದೇ ಸರಿ. ಆದ್ದರಿಂದ ಅನೇಕ ಮೇಳಗಳು ಚರ್ಮದ ಬದಲು ಬೋಲ್ಟು ಬಿಗಿದು ಹದಗೊಳಿಸುವ ಪ್ಲಾಸ್ಟಿಕ್ ಹಾಳೆಯ ತಮಟೆಗಳಿಗೆ ಒಗ್ಗಿಕೊಂಡಿವೆ. ಕಾಯಿಸುವ ಗೋಜಿಲ್ಲ, ಮಳೆಗೆ ಹೆದರಬೇಕಿಲ್ಲ, ಯಾವಾಗ ಕರೆದರೂ ಸಿದ್ಧ. ಸದ್ದು ಮಾತ್ರ ಬೇರೆ. ಚರ್ಮದ ತಮಟೆಯ ಏಟಿನ ಹಿಂದೆ ಒಂದು ಗುಂಗು ಇರುತ್ತದೆ, ಪ್ಲಾಸ್ಟಿಕ್ಕಿನದು ಒಣ ಸಿಡಿತ. ಹತ್ತು ನಿಮಿಷದ ಪದ್ಧತಿ ಕುಣಿತದ ಉದ್ದವನ್ನಷ್ಟೇ ಅಲ್ಲ, ವಾದ್ಯದ ಮೈಯನ್ನೂ ಬದಲಿಸಿತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಹತ್ತು ನಿಮಿಷ ಬಂದದ್ದೆಲ್ಲಿಂದ?

ಯಾರೋ ಒಬ್ಬ ಅಧಿಕಾರಿ ಕುಳಿತು ಇದನ್ನು ತೀರ್ಮಾನಿಸಲಿಲ್ಲ. ಸರಳ ಗಣಿತವೇ ಇದನ್ನು ಹುಟ್ಟುಹಾಕಿತು. ಸಂಜೆ ಆರರಿಂದ ಒಂಬತ್ತರವರೆಗೆ ಕಾರ್ಯಕ್ರಮ ಎಂದಿಟ್ಟುಕೊಳ್ಳೋಣ. ದೀಪ ಬೆಳಗುವುದು, ಸ್ವಾಗತ, ಗಣ್ಯರ ಭಾಷಣ, ಸನ್ಮಾನ ಇವಿಷ್ಟಕ್ಕೆ ಒಂದು ಗಂಟೆಯಾದರೂ ಬೇಕು. ಭಾಷಣ ಎರಡು ಗಂಟೆಗೆ ಬೆಳೆದ ಉದಾಹರಣೆಗಳನ್ನು ನಮ್ಮ ಓದುಗರೇ ಹೇಳಬಲ್ಲರು. ಉಳಿದ ಎರಡು ಗಂಟೆಯಲ್ಲಿ ಹತ್ತು ಮೇಳಗಳನ್ನು ಕೂರಿಸಿದರೆ ಒಂದೊಂದಕ್ಕೆ ಹನ್ನೆರಡು ನಿಮಿಷ. ಒಂದು ಮೇಳ ಇಳಿದು ಇನ್ನೊಂದು ಹತ್ತುವುದಕ್ಕೆ, ಮೈಕು ಸರಿಸುವುದಕ್ಕೆ, ನಿರೂಪಕರ ಪರಿಚಯಕ್ಕೆ ಎರಡು ಮೂರು ನಿಮಿಷ ಕಳೆಯಿರಿ. ಭಾಷಣ ಹಿಗ್ಗಿದರೆ ಆ ನಷ್ಟವನ್ನು ತುಂಬುವವರು ಕೊನೆಯಲ್ಲಿ ಸರದಿಗೆ ನಿಂತ ಮೇಳದವರು.

ಮೇಳಗಳ ಸಂಖ್ಯೆಯನ್ನು ಇಳಿಸಿದರಾಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಹಾಗೆ ಮಾಡಿದರೆ ಉಳಿದವರಿಗೆ ಅಂದಿನ ಸಂಭಾವನೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಮಾಸಾಶನಕ್ಕೆ, ಪ್ರಶಸ್ತಿಗೆ, ಮುಂದಿನ ಉತ್ಸವದ ಆಹ್ವಾನಕ್ಕೆ ಇಂಥ ಪ್ರಮಾಣಪತ್ರಗಳೇ ಕಲಾವಿದನ ಕೈಯಲ್ಲಿರುವ ದಾಖಲೆ. ಹಾಗಾಗಿ ಹೆಚ್ಚು ಮೇಳಗಳಿಗೆ ಕಡಿಮೆ ಸಮಯ ಕೊಡುವುದು ಸಂಘಟಕರ ಕ್ರೌರ್ಯವಲ್ಲ, ಒಂದು ರೀತಿಯ ಹಂಚಿಕೆಯ ನ್ಯಾಯ. ಆ ನ್ಯಾಯಕ್ಕೆ ಕಲೆ ಬೆಲೆ ತೆರುತ್ತಿದೆ ಎನ್ನುವುದೂ ಅಷ್ಟೇ ನಿಜ.

ಮೈಸೂರು ದಸರಾ ಮೆರವಣಿಗೆ ಇದನ್ನು ಇನ್ನಷ್ಟು ಸಣ್ಣದು ಮಾಡಿತು. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ಮೇಳ ಕುಣಿಯುತ್ತಲೇ ಸಾಗಬೇಕು. ಯಾವ ಪ್ರೇಕ್ಷಕನ ಮುಂದೆಯೂ ಅದು ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರುವುದಿಲ್ಲ. ಗಣ್ಯರ ಆಸನ, ಟಿ.ವಿ. ಕ್ಯಾಮೆರಾ ಇರುವ ಕಡೆ ಬಂದಾಗ ಅತ್ಯಂತ ಕಣ್ಸೆಳೆಯುವ ಪಟ್ಟನ್ನು ಹಾಕಿ ಮುಂದೆ ಹೋಗುವುದನ್ನು ಮೇಳಗಳು ಅಲ್ಲಿ ಕಲಿತವು.

ಊರಿನ ಇರುಳು ಕೂಡ ಮೊದಲಿನಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸಿದವು. ಆಯ್ದ ಕೆಲವು ದಿನಗಳಲ್ಲಿ ಮಾತ್ರ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. 1999ರ ಕೊನೆಯಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆ ಉತ್ಪಾದನೆ ಆರಂಭಿಸಿದ ನಂತರ ಸುತ್ತಲಿನ ಕೈಗಾರಿಕಾ ಪ್ರದೇಶ ಬೆಳೆಯುತ್ತ ಹೋಯಿತು. ಬೆಳಗಿನ ಪಾಳಿಗೆ ಬಸ್ಸು ಹಿಡಿಯಬೇಕಾದ ಹುಡುಗ ಇರುಳಿಡೀ ಪೂಜೆ ಹೊರಲಾರ. ಹೊಲದ ಕೆಲಸ ಮುಗಿದ ಕಾಲದಲ್ಲಿ ಹಬ್ಬ ಬರುತ್ತಿದ್ದ ಪಂಚಾಂಗಕ್ಕೂ ಕಾರ್ಖಾನೆಯ ಪಾಳಿಗೂ ಹೊಂದಿಕೆಯಿಲ್ಲ. ಇನ್ನು ಕೆಲವು ಊರುಗಳಲ್ಲಿ ಹಬ್ಬದ ಖರ್ಚಿನ ದೊಡ್ಡ ಪಾಲು ಆರ್ಕೆಸ್ಟ್ರಾಕ್ಕೆ, ರಸಮಂಜರಿಗೆ ಹೋಗುತ್ತದೆ.

ಮೊದಲು ಬೀಳುವುದು ಕಥೆ

ಕಡಿತದ ಕತ್ತರಿಗೆ ಸಿಕ್ಕು ಮೊದಲು ಬೀಳುವುದು ಯಾವುದು? ಕುಣಿತವಲ್ಲ, ವಾದ್ಯವಲ್ಲ, ಮಾತು ಮತ್ತು ಹಾಡು. ಇದಕ್ಕೆ ಕಂಸಾಳೆಗಿಂತ ಒಳ್ಳೆಯ ಉದಾಹರಣೆ ಬೇರೆ ಇಲ್ಲ.

ಕಂಸಾಳೆ ಮಲೆ ಮಾದೇಶ್ವರನ ಒಕ್ಕಲಿನ ಕಲೆ. ಶಿವರಾತ್ರಿಯ ಹೊತ್ತಿಗೆ ರಾಮನಗರ, ಕನಕಪುರದ ಕಡೆಯಿಂದ ಸಂಗಮದ ಬಳಿ ಕಾವೇರಿ ದಾಟಿ ಕಾಡುದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಇಂದಿಗೂ ಇದ್ದಾರೆ. ದೀಕ್ಷೆ ಪಡೆದ ದೇವರಗುಡ್ಡರು ಬಟ್ಟಲಿನಂಥ ಒಂದು ತಾಳ, ಚಪ್ಪಟೆಯಾದ ಇನ್ನೊಂದು ತಾಳ ಹಿಡಿದು ಮಾದೇಶ್ವರನ ಮಹಾಕಾವ್ಯವನ್ನು ಹಾಡುತ್ತಾರೆ. ಶ್ರವಣದೊರೆ, ಜುಂಜೇಗೌಡ, ಸಂಕಮ್ಮ, ಬೇವಿನಹಟ್ಟಿ ಕಾಳಮ್ಮ, ಇಕ್ಕೇರಿ ದೇವಮ್ಮ, ಸರಗೂರಯ್ಯ ಹೀಗೆ ಒಬ್ಬೊಬ್ಬರ ಕಥೆಯೂ ಒಂದೊಂದು ‘ಸಾಲು’. ಒಂದು ಸಾಲನ್ನು ಬಿಡಿಸಿ ಹಾಡಲು ಒಂದು ರಾತ್ರಿ ಸಾಲದಿರಬಹುದು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದಾರೆ; ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಹೊರತಂದಿತು. ಆ ಗ್ರಂಥದ ಗಾತ್ರವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ, ಇದನ್ನು ಹತ್ತು ನಿಮಿಷದಲ್ಲಿ ತೋರಿಸಿ ಎಂದು ಕೇಳುವುದು ಎಂಥ ಬೇಡಿಕೆ ಎಂಬುದು ಅರ್ಥವಾದೀತು.

ವೇದಿಕೆ ಆರಿಸಿಕೊಂಡದ್ದು ಬೀಸು ಕಂಸಾಳೆಯನ್ನು. ತಾಳಗಳನ್ನು ಬೀಸುತ್ತ, ಬಾಗುತ್ತ, ಮಲಗಿ ಎದ್ದು, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುವ ಭಾಗವದು. ನೋಡಲು ನಿಜಕ್ಕೂ ಸೊಗಸು. 1996ರ ‘ಜನುಮದ ಜೋಡಿ’ಯಂಥ ಚಿತ್ರಗಳು ಮಾದಪ್ಪನ ಪದಗಳ ಧಾಟಿಯನ್ನು ಪೇಟೆಯ ಕಿವಿಗೂ ಮುಟ್ಟಿಸಿದವು. ಆದರೆ ಅಲ್ಲಿ ಸಂಕಮ್ಮನ ಸಂಕಟ ಏನೆಂದು ಕೇಳುವ ವ್ಯವಧಾನ ಉಳಿಯುವುದಿಲ್ಲ. ಗಂಡನ ಅನುಮಾನಕ್ಕೆ ಗುರಿಯಾದ ಹೆಣ್ಣಿನ ಆ ಕಥೆಯನ್ನು ಕೇಳಿ ಹಟ್ಟಿಯ ಹೆಂಗಸರು ಕಣ್ಣೊರೆಸಿಕೊಳ್ಳುವುದಕ್ಕೆ ಸಮಯ ಬೇಕು. ಪಿರಮಿಡ್ಡಿಗೆ ಸಮಯ ಬೇಡ.

ಪೂಜಾ ಕುಣಿತಕ್ಕೂ ಇದೇ ಆಯಿತು. ತಲೆಯ ಮೇಲೆ ಪೂಜೆ ಇರುವಂತೆಯೇ ಏಣಿ ಹತ್ತುವುದು, ನೆಲಕ್ಕೆ ಬಾಗಿ ನೋಟನ್ನು ಕಣ್ಣಿನ ರೆಪ್ಪೆಯಲ್ಲಿ ಎತ್ತುವುದು ಮುಂತಾದ ಕಸರತ್ತುಗಳು ವೇದಿಕೆಯಲ್ಲಿ ಮುಖ್ಯವಾದವು. ಇವು ಊರಿನಲ್ಲಿ ಇರಲೇ ಇಲ್ಲವೆಂದಲ್ಲ. ದೀರ್ಘ ರಾತ್ರಿಯ ನಡುವೆ, ಜನ ತೂಕಡಿಸುವ ಹೊತ್ತಿನಲ್ಲಿ, ಎಬ್ಬಿಸಲೆಂದು ಬರುತ್ತಿದ್ದ ಅಂಶಗಳವು. ಈಗ ಊಟದಲ್ಲಿ ಬರೀ ಉಪ್ಪಿನಕಾಯಿ ಬಡಿಸಿದಂತಾಗಿದೆ.

ಎರಡು ನಿಮಿಷದ ಹಾಡಿನವರು

ಸಮಯದ ಕತ್ತರಿ ನಮ್ಮಲ್ಲಿ ಮಾತ್ರ ಇದೆ ಎಂದು ಭಾವಿಸಬೇಕಿಲ್ಲ. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ‘ಲೈವ್ ಏಡ್’ ಕಾರ್ಯಕ್ರಮದಲ್ಲಿ ಜಗತ್ಪ್ರಸಿದ್ಧ ತಂಡಗಳಿಗೂ ಸಿಕ್ಕಿದ್ದು ಸುಮಾರು ಇಪ್ಪತ್ತು ನಿಮಿಷ. ಸಮಯ ಮುಗಿಯುತ್ತಿದೆ ಎಂದು ಎಚ್ಚರಿಸಲು ವೇದಿಕೆಯಲ್ಲಿ ಸಂಚಾರ ದೀಪಗಳನ್ನೇ ಇಟ್ಟಿದ್ದರು. ‘ಕ್ವೀನ್’ ತಂಡ ತನ್ನ ಅತಿ ಪ್ರಸಿದ್ಧ ದೀರ್ಘ ಗೀತೆಯ ಆರಂಭದ ಭಾಗವನ್ನಷ್ಟೇ ಹಾಡಿ ಮುಂದಿನ ಹಾಡಿಗೆ ಹಾರಿತು. ಕತ್ತರಿ ಹಾಕಿದವರು ಅವರೇ, ಹಾಕಬೇಕಾದ ಜಾಗವನ್ನು ಮುಂಚಿತವಾಗಿ ಅಭ್ಯಾಸ ಮಾಡಿ ಗೊತ್ತುಮಾಡಿಕೊಂಡವರೂ ಅವರೇ.

ಇನ್ನೂ ಸ್ವಾರಸ್ಯದ ಉದಾಹರಣೆ ಪಂಕ್ ಸಂಗೀತದ್ದು. 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ನಿನ ಸಣ್ಣ ಕ್ಲಬ್ಬುಗಳಲ್ಲಿ ಹುಟ್ಟಿದ ಈ ಪಂಥಕ್ಕೆ ದೀರ್ಘ ವಾದನ, ಅಲಂಕಾರ ಎಂದರೆ ಆಗದು. ‘ರಮೋನ್ಸ್’ ತಂಡದ 1976ರ ಮೊದಲ ಆಲ್ಬಂನಲ್ಲಿ ಹದಿನಾಲ್ಕು ಹಾಡುಗಳಿವೆ. ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಇಪ್ಪತ್ತು ವರ್ಷಗಳ ನಂತರ, 1996ರಲ್ಲಿ, ತಲೆ ನರೆಯುವ ವಯಸ್ಸಿಗೆ ಬಂದ ಅದೇ ತಂಡ ‘ಲೊಲ್ಲಾಪಲೂಜಾ’ ಎಂಬ ಸಂಚಾರಿ ಉತ್ಸವದಲ್ಲಿ ಬೇರೆ ದೊಡ್ಡ ತಂಡಗಳ ನಡುವೆ ತನ್ನ ಸರದಿಯಲ್ಲಿ ನುಡಿಸಿ, ಆ ಆಗಸ್ಟ್‌ನಲ್ಲಿ ಕೊನೆಯ ಪ್ರದರ್ಶನ ಕೊಟ್ಟು ವಿರಮಿಸಿತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಪಟ್ಟಣದ ‘ರೆಬೆಲಿಯನ್’ ಉತ್ಸವದಲ್ಲಂತೂ ಹಳೆಯ ಪಂಕ್ ತಂಡಗಳು ಸಾಲುಸಾಲಾಗಿ ಬಂದು ಹೋಗುವುದು ವಾಡಿಕೆಯಾಯಿತು. 1976ರಲ್ಲಿ ಹುಟ್ಟಿದ ‘ಯು.ಕೆ. ಸಬ್ಸ್’ ತಂಡದ ಗಾಯಕ ಚಾರ್ಲಿ ಹಾರ್ಪರ್ ಎಂಬತ್ತರ ಆಸುಪಾಸಿನಲ್ಲೂ ವೇದಿಕೆ ಏರಿದವರು.

ಅಂಥ ಮುದುಕರ ತಂಡಕ್ಕೆ ಅರ್ಧ ಗಂಟೆ ಕೊಟ್ಟರೆ ಅದು ಅವಮಾನವಲ್ಲ. ಅವರ ಹಾಡು ಹುಟ್ಟಿದ್ದೇ ಎರಡು ನಿಮಿಷದ ಅಳತೆಯಲ್ಲಿ. ಅರ್ಧ ಗಂಟೆಯಲ್ಲಿ ಹತ್ತಾರು ಹಾಡು ಹಾಡಿ, ಬೆವರು ಒರೆಸಿಕೊಂಡು ಇಳಿಯುತ್ತಾರೆ. ಚಿಕ್ಕದಾಗಿರುವುದು ಅವರ ಆಯ್ಕೆ, ಒಂದು ಸಿಟ್ಟಿನ ಘೋಷಣೆ. ಇರುಳಿನ ಅಳತೆಯಲ್ಲಿ ಹುಟ್ಟಿದ ಕಲೆಗೆ ಚಿಕ್ಕದಾಗುವುದು ಹೊರಗಿನಿಂದ ಬಂದ ಅಪ್ಪಣೆ.

ನಮ್ಮ ಸೀಮೆಯಲ್ಲಿಯೂ ಚಿಕ್ಕ ಅವಧಿಗೆ ಸಹಜವಾಗಿ ಹೊಂದುವ ಪ್ರಕಾರಗಳಿಲ್ಲದಿಲ್ಲ. ಸೋಬಾನೆ ಪದ, ರಾಗಿ ಬೀಸುವ ಪದ, ತತ್ವಪದ ಇವು ತಮ್ಮಷ್ಟಕ್ಕೆ ಪೂರ್ಣವಾದವು. ಬಿಡದಿ ಬಳಿಯ ಬಾನಂದೂರಿನ ಕೆಂಪಯ್ಯ, ಚನ್ನಪಟ್ಟಣ ತಾಲ್ಲೂಕಿನ ಅಪ್ಪಗೆರೆಯ ತಿಮ್ಮರಾಜು ಅವರಂಥ ಗಾಯಕರು ಇದೇ ಮಣ್ಣಿನಿಂದ ಬಂದು ರಾಜ್ಯದ ಕೇಳುಗರಿಗೆಲ್ಲ ಪರಿಚಿತರಾದರು. ಹತ್ತು ನಿಮಿಷದಲ್ಲಿ ಎರಡು ಪದ ಹಾಡಿದರೂ ಕೇಳಿದವನಿಗೆ ಅರ್ಧದಲ್ಲಿ ಎದ್ದು ಬಂದ ಭಾವ ಬರುವುದಿಲ್ಲ.

ಮಂಚನಬೆಲೆಯಿಂದ ಎದ್ದ ಸದ್ದು

ಪಂಕ್ ಹುಟ್ಟಿದ ಹೊತ್ತಿಗೇ, ಅದರ ಸುಳಿವೂ ಇಲ್ಲದೆ, ಈ ಕಡೆ ಬೇರೊಂದು ಸಿಟ್ಟಿನ ಸಂಗೀತ ಎದ್ದಿತ್ತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲಿ. ಅವರ ಹಾಡುಗಳು ಪುಸ್ತಕದಲ್ಲಿ ಉಳಿಯಲಿಲ್ಲ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಬೀದಿಗೆ ಬಂದವು. ಜೊತೆಗಿದ್ದದ್ದು ತಮಟೆ. ಸಾವಿನ ಮನೆಯ ಮುಂದೆ, ಊರಹಬ್ಬದಲ್ಲಿ ದೇವಸ್ಥಾನದ ಹೊರಗೆ ನಿಂತು ಬಾರಿಸಬೇಕಾಗಿದ್ದ ವಾದ್ಯ ಅದು. ಅದನ್ನು ಬಾರಿಸುವುದು ಕಲೆಯೆಂದಲ್ಲ, ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಯೆಂದು ಊರು ತಿಳಿದಿತ್ತು. ಅದೇ ತಮಟೆ ಹಕ್ಕು ಕೇಳುವ ಮೆರವಣಿಗೆಯ ಮುಂದೆ ನಿಂತಾಗ ಸದ್ದಿನ ಅರ್ಥವೇ ಬದಲಾಯಿತು.

ಸಿದ್ಧಲಿಂಗಯ್ಯನವರು ಡಾಕ್ಟರೇಟ್ ಪದವಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಪೂಜೆ ಹೊತ್ತು ಕುಣಿಯುವ ದೇವತೆಗಳ ಲೋಕವನ್ನು ಒಳಗಿನಿಂದ ಬಲ್ಲ ಕವಿ, ಅದೇ ಲೋಕದ ಅನ್ಯಾಯವನ್ನೂ ಬಲ್ಲವರಾಗಿದ್ದರು. 2021ರ ಜೂನ್‌ನಲ್ಲಿ ಅವರು ನಿಧನರಾದರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ, ಕೇರಿಯ ವಾದ್ಯ ರಾಷ್ಟ್ರಪತಿ ಭವನದವರೆಗೆ ನಡೆದು ಬಂದಂತಾಯಿತು.

ಈ ಹಿನ್ನೆಲೆಯಿಂದ ನೋಡಿದರೆ ಹತ್ತು ನಿಮಿಷದ ವೇದಿಕೆಯನ್ನು ಬರೀ ನಷ್ಟವೆಂದು ತಳ್ಳಿಹಾಕಲಾಗದು. ಊರಿನ ರಾತ್ರಿ ದೀರ್ಘವಾಗಿತ್ತು ನಿಜ, ಆದರೆ ಅಲ್ಲಿ ತಮಟೆಯವನು ನಿಲ್ಲಬೇಕಾದ ಜಾಗ ಗೊತ್ತಾಗಿತ್ತು. ಉತ್ಸವದ ವೇದಿಕೆಯಲ್ಲಿ ಅವನು ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುತ್ತಾನೆ, ನಿರೂಪಕರು ಅವನ ಹೆಸರನ್ನು ಹೇಳುತ್ತಾರೆ, ಹೆಗಲಿಗೆ ಶಾಲು ಬೀಳುತ್ತದೆ. ಆ ಹತ್ತು ನಿಮಿಷಕ್ಕಾಗಿ ಇರುಳಿನ ಹತ್ತು ಗಂಟೆಯನ್ನು ಬಿಟ್ಟುಕೊಡಲು ಒಬ್ಬ ಕಲಾವಿದ ಸಿದ್ಧನಾದರೆ ಅವನನ್ನು ದೂರುವ ಹಕ್ಕು ನಗರದ ಜಾನಪದಪ್ರಿಯರಿಗೆ ಇದೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೆಣ್ಣುಮಕ್ಕಳ ವಿಷಯದಲ್ಲೂ ಹಾಗೆಯೇ. ಪೂಜೆ ಹೊರುವುದು, ಡೊಳ್ಳು ಬಾರಿಸುವುದು, ವೀರಗಾಸೆ ಕುಣಿಯುವುದು ಊರಿನ ಆಚರಣೆಯಲ್ಲಿ ಗಂಡಸರದೇ ಪಾಲು. ಆಚರಣೆಯಿಂದ ಬಿಡಿಸಿಕೊಂಡು ವೇದಿಕೆಗೆ ಬಂದ ಮೇಲೆಯೇ ಮಹಿಳಾ ಮೇಳಗಳು, ಶಾಲಾ ಬಾಲಕಿಯರ ತಂಡಗಳು ಕಾಣಿಸಿಕೊಂಡವು. ಹತ್ತು ನಿಮಿಷದ ಪಾಠವಾದರೆ ಶಾಲೆಯ ಬಿಡುವಿನಲ್ಲಿ ಕಲಿಯಬಹುದು, ಕಲಿಸಬಹುದು.

ಹಳಬರ ಜಾಣ್ಮೆ

ಅನುಭವಿ ಮೇಳಗಳು ಈ ಇಕ್ಕಟ್ಟಿನಲ್ಲೂ ತಮ್ಮ ದಾರಿ ಕಂಡುಕೊಂಡಿವೆ. ಗಮನವಿಟ್ಟು ನೋಡುವ ಪ್ರೇಕ್ಷಕನಿಗೆ ಅದು ಕಾಣುತ್ತದೆ. ಎಳೆಯರ ತಂಡ ವೇದಿಕೆ ಹತ್ತಿದ ಕೂಡಲೇ ವೇಗದ ಗತ್ತಿಗೆ ಹೋಗುತ್ತದೆ, ಮೂರನೆಯ ನಿಮಿಷಕ್ಕೆ ದಣಿಯುತ್ತದೆ. ಹಳಬರು ಮೊದಲ ಒಂದೆರಡು ನಿಮಿಷವನ್ನು ದೇವರ ಸ್ತುತಿಗೆ, ನಿಧಾನದ ಹೆಜ್ಜೆಗೆ ಬಿಟ್ಟುಕೊಡುತ್ತಾರೆ. ಸಮಯ ಕಡಿಮೆಯಿದೆ ಎಂದು ಅದನ್ನು ತೆಗೆಯುವುದಿಲ್ಲ. ನಿಧಾನ ಇಲ್ಲದೆ ವೇಗ ವೇಗವೆಂದು ಕಾಣದು ಎಂಬುದು ಅವರಿಗೆ ಇರುಳುಗಳು ಕಲಿಸಿದ ಪಾಠ. ಆಮೇಲೆ ಗತ್ತು ಬದಲಿಸುವ ಜಾಗದಲ್ಲಿ ಯಜಮಾನರು ಒಂದು ಏಟು ತಪ್ಪಿಸಿ ಬಾರಿಸುತ್ತಾರೆ. ಅದು ತಪ್ಪಲ್ಲ, ಸನ್ನೆ. ಇಡೀ ಮೇಳ ತಿರುಗಿ ನಿಲ್ಲುತ್ತದೆ. ಕೊನೆಯ ಎರಡು ನಿಮಿಷಕ್ಕೆ ಕಸರತ್ತು. ಸಂಘಟಕರು ಬದಿಯಿಂದ ಕೈ ಬೀಸಿದರೆ ಎಲ್ಲಿ ಬೇಕಾದರೂ ಮುಕ್ತಾಯದ ಏಟಿಗೆ ಬರುವ ಕಲೆಯೂ ಅವರಿಗೆ ಕರಗತ.

ತಾಂತ್ರಿಕ ತೊಡಕು ಬೇರೆ. ತಮಟೆಯ ಸದ್ದು ಬಯಲಿಗೆಂದು ಹುಟ್ಟಿದ್ದು. ಸೌಂಡ್ ಸಿಸ್ಟಂನವರು ಅದರ ಮುಂದೆ ಹಾ಼ಡುಗಾರರ ಮೈಕನ್ನೇ ಇಟ್ಟು ಧ್ವನಿ ಏರಿಸಿದರೆ ಪೆಟ್ಟಿಗೆ ಕಿರುಚುತ್ತದೆ, ಹಾಡು ಮುಳುಗುತ್ತದೆ. ರಾಕ್ ಉತ್ಸವಗಳಲ್ಲಿ ತಂಡ ಬದಲಾಗುವಾಗ ಪ್ರತಿ ಮೈಕನ್ನೂ ಪರೀಕ್ಷಿಸಲು ಸಮಯ ಮೀಸಲಿಡುತ್ತಾರೆ. ಡ್ರಮ್ ಮುಂತಾದ ದೊಡ್ಡ ವಾದ್ಯಗಳನ್ನು ಎಲ್ಲರಿಗೂ ಸೇರಿ ಒಂದೇ ಸಲ ಜೋಡಿಸಿಡುವುದೂ ಉಂಟು. ಜನಪದ ಮೇಳಕ್ಕೆ ಅಂಥ ಪರೀಕ್ಷೆಯ ಭಾಗ್ಯ ಇಲ್ಲ. ಮೊದಲ ಮೂರು ನಿಮಿಷ ಹಾಡುಗಾರನ ತುಟಿ ಅಲುಗುವುದಷ್ಟೇ ಕಾಣುತ್ತದೆ. ಹತ್ತರಲ್ಲಿ ಮೂರು ಹೋದರೆ ಉಳಿಯುವುದೆಷ್ಟು?

ಇದಕ್ಕೆಲ್ಲ ದೊಡ್ಡ ಹಣ ಬೇಕಿಲ್ಲ. ಉತ್ಸವದ ಒಂದು ರಾತ್ರಿಯನ್ನು, ಧ್ವನಿವರ್ಧಕವಿಲ್ಲದೆ, ಬಯಲಿನಲ್ಲಿ, ಒಂದೇ ಮೇಳಕ್ಕೆ ಬಿಟ್ಟುಕೊಡಬಹುದು. ಕಥೆ ಹಾಡುವವರಿಗೆ ಒಂದಾದರೂ ಸಾಲನ್ನು ಬಿಡಿಸುವಷ್ಟು ಹೊತ್ತು ಕೊಟ್ಟು, ಕುಣಿತದ ಮೇಳಗಳನ್ನು ಸಂಜೆಯ ವೇದಿಕೆಗೆ ಉಳಿಸಬಹುದು. ವೇದಿಕೆಯಿಂದ ದೂರ, ಸುರಕ್ಷಿತ ಜಾಗದಲ್ಲಿ ತಮಟೆ ಕಾಯಿಸಲು ಒಂದು ಒಲೆ ಹೂಡಬಹುದು. ಭಾಷಣಕ್ಕೂ ಹತ್ತೇ ನಿಮಿಷ ಎಂದು ಪಟ್ಟಿಯಲ್ಲಿ ಬರೆದರಂತೂ ಅರ್ಧ ಸಮಸ್ಯೆ ಅಲ್ಲೇ ಮುಗಿದೀತು.

ಕಾರ್ಯಕ್ರಮ ಮುಗಿದ ಮೇಲೆ ಮೇಳದವರು ಪೂಜೆಯ ಸೀರೆಗಳನ್ನು ಬಿಚ್ಚಿ ಮಡಿಸುತ್ತಾರೆ, ಮುಖವಾಡವನ್ನು ಬಟ್ಟೆಯಲ್ಲಿ ಸುತ್ತುತ್ತಾರೆ, ಬಿದಿರಿನ ಚೌಕಟ್ಟನ್ನು ಟೆಂಪೋದ ಮೇಲೆ ಕಟ್ಟುತ್ತಾರೆ. ಸಂಭಾವನೆಯ ಹಣ ಬ್ಯಾಂಕ್ ಖಾತೆಗೆ ಬರಬೇಕು. ಯಾವಾಗ ಬರುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮುಂದಿನ ವಾರ ಊರಿನಲ್ಲಿ ಕೊಂಡದ ಹಬ್ಬವಿದ್ದರೆ ಚರ್ಮದ ತಮಟೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಅಂದು ಪಾಳಿ ಬದಲಿಸಿಕೊಂಡು ಬರುವ ಹುಡುಗರು ಯಾರ್‍ಯಾರು ಎಂಬ ಮಾತು ಟೆಂಪೋದಲ್ಲೇ ಶುರುವಾಗುತ್ತದೆ.